ಹನ್ನೊಂದನೇ ಪಾಠ

ಶಿಡ್ಲಘಟ್ಟದಲ್ಲಿ, ಚಂದ್ರಿಕೆ ಮಾರುವ ಅಂಗಡಿಯ ಮಹಡಿ ಮೇಲೆ
ಸಂಜೆ ಏಳರಿಂದ ಎಂಟೂವರೆಗೆ ನನ್ನ ಇಂಗ್ಲಿಷು.
ಕಿಟಕಿ ಮುಚ್ಚಿದರೂ ಒಳಗೆ ಬಂದು ಕೂರುತ್ತದೆ
ಗೂಡು ಬೇಯುವ ವಾಸನೆ.
ಅವತ್ತು ದಾರಿ ಕೇಳುವ ಪಾಠ.

ಪುಸ್ತಕದ ಊರಲ್ಲಿ ಒಂದು ಚರ್ಚು, ಒಂದು ಬ್ಯಾಂಕು,
ಮೂಲೆಮೂಲೆಗೆ ಸಿಗ್ನಲ್ ದೀಪ,
ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ.
"ಯಾರನ್ ಕೇಳೋದು ಮಿಸ್ಸೂ, ಈ ಊರಲ್ಲಿ?"
ಎಂದಳು ಫೌಜಿಯಾ.

ಮೊದಲ ಸಾಲಿಗೇ ಜಗಳ: ಎಕ್ಸ್‌ಕ್ಯೂಸ್ ಮೀ.
"ಕ್ಷಮಿಸಿ ಅಂತ ಏನ್ಕೆ? ನಾನೇನ್ ತಪ್ಪು ಮಾಡ್ದೆ,
ದಾರಿ ತಪ್ಪಿದ್ದು ಬಿಟ್ರೆ?"
ಅಣ್ಣಾ, ಭಾಯ್, ಯಜಮಾನ್ರೇ ಎಂದು
ಮೊದಲು ನಂಟು ಹಚ್ಚಿ ಆಮೇಲೆ ದಾರಿ ಕೇಳುವವರಿಗೆ
ಕ್ಷಮೆಯಿಂದ ಶುರುಮಾಡಲು ಕಲಿಸುವಷ್ಟರಲ್ಲಿ
ಅರ್ಧ ಗಂಟೆ ಕಳೆಯಿತು.

ಊಟದ ಕೈ ರೈಟ್ ಎಂದೆ.
ನೂಲು ತೆಗೆಯುವ ಶಬ್ಬೀರ ಎಡಚ.
ಬೈದು ಬೈದು ಉಣ್ಣುವುದಕ್ಕಷ್ಟೇ ಬಲಗೈ ಕಲಿಸಿದ್ದರಂತೆ,
ಮಿಕ್ಕಿದ್ದೆಲ್ಲ ಎಡಗೈ.
ಎರಡೂ ಅಂಗೈ ತಿರುವಿ ನೋಡಿಕೊಂಡ.

ಪಿಳ್ಳಪ್ಪನ ಕಷ್ಟ ಬೇರೆ.
ಚಿಂತಾಮಣಿ, ದಿಬ್ಬೂರಹಳ್ಳಿ ರೂಟಿನಲ್ಲಿ
ಇಪ್ಪತ್ತೆರಡು ವರ್ಷ ಕಂಡಕ್ಟರು.
ರೈಟ್ ರೈಟ್ ಎಂದರೆ ಅವನಿಗೆ
ಎಲ್ಲರೂ ಹತ್ತಿದರು, ಬಾಗಿಲು ಹಾಕಿದೆ, ನಡಿ ಇನ್ನು
ನೆಟ್ಟಗೆ.
ಟರ್ನ್ ರೈಟ್ ಎಂದೆ, ಎದ್ದು ಸೀದಾ ಗೋಡೆಯತ್ತ ನಡೆದ.
ಯಾರೋ ಹೋಲ್ಡಾನ್ ಎಂದು ಕೂಗಿದರು.
ನಿಂತ.

ಪುಸ್ತಕ ಮಡಚಿಟ್ಟು
ನಿಮ್ಮೂರನ್ನೇ ಬರೆಯಿರಿ ಎಂದೆ. ಬರೆದರು:
ಸುಟ್ಟುಹೋದ ಟಾಕೀಸಿನ ಹತ್ತಿರ ಲೆಫ್ಟು.
ಹುಣಸೆಮರ ಕಡಿದ ತಿರುವು.
ಎರಡು ಸುಳಿಯ ಎಮ್ಮೆ ಕಟ್ಟುವ ಮನೆ,
ಎಮ್ಮೆ ಮಾರಿ ಐದು ವರ್ಷ.
ಈಗಿಲ್ಲದ್ದನ್ನು ಹೇಳಲು ಯೂಸ್ಡ್ ಟು ಬಿ,
ಅದು ಇಪ್ಪತ್ತನೇ ಪಾಠ. ಅವತ್ತೇ ಹೇಳಿಕೊಡಬೇಕಾಯಿತು.
ಗದ್ದ ಎತ್ತಿ ತೋರಿಸುವುದಕ್ಕೆ ಮಾತ್ರ ಇಂಗ್ಲಿಷು ಸಿಗಲಿಲ್ಲ.
ನಮ್ಮ ಅಲ್ಲೀ... ಎಳೆದಷ್ಟೂ ದೂರ.
ದೇರ್ ಅನ್ನು ಎಷ್ಟು ಎಳೆದರೂ
ಅದು ಕೂತಲ್ಲಿಂದ ಕದಲುವುದಿಲ್ಲ.

ಮುನಿರತ್ನ ಬರೆಯಲಿಲ್ಲ.
ಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆದುಕೊಳ್ಳುವ ಹುಡುಗಿ.
ಎಲ್ಲರೂ ಮೆಟ್ಟಿಲಿಳಿದ ಮೇಲೆ ಕೇಳಿದಳು:
"ಇಂಗ್ಲಿಷಲ್ಲಿ ದಾರಿ ಕೇಳಿದ್ರೆ ವಾಪಸ್ಸು ಏನೂ ಕೇಳಲ್ವಾ ಮಿಸ್ಸೂ?
ಯಾರ ಮನೇಗೆ, ಯಾರ ಪೈಕಿ, ನೀವು ಯಾವ ಕಡೆಯೋರು..."
ಪುಟ ತಿರುವಿ ನೋಡಿದೆ.
ಉತ್ತರ ಸಿಕ್ಕ ಮೇಲೆ ಥ್ಯಾಂಕ್ಯೂ,
ಆಮೇಲೆ ಯೂ ಆರ್ ವೆಲ್ಕಮ್, ಅಷ್ಟೇ.
ಇಲ್ಲ, ಎಂದೆ.
"ಅಂಗಾದ್ರೆ ಚೆನ್ನಾಗೈತೆ."

ತಿಪಟೂರಿನಿಂದ ನಾನು ಬಂದಿಳಿದ ದಿನ
ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನೂ ಕೇಳಿದ್ದರು, ಯಾರ ಪೈಕಿ?
ತಟ್ಟನೆ ಹೇಳಿದ್ದೆ.
ಸೂಟ್‌ಕೇಸು ಹೊತ್ತುಕೊಂಡು
ಬಾಡಿಗೆ ಮನೆಯ ಹೊಸ್ತಿಲವರೆಗೆ ಬಿಟ್ಟು ಹೋಗಿದ್ದರು.
ಒಳ್ಳೆಯ ಜನ ಎಂದು ಅಮ್ಮನಿಗೆ ಫೋನು ಮಾಡಿದ್ದೆ.

ಮರುದಿನ ಅರ್ಧ ಹಾಳೆ ಕೊಟ್ಟಳು, ಇಂಗ್ಲಿಷಿನಲ್ಲಿ:
ನೇರ ಬನ್ನಿ. ಮಾರುಕಟ್ಟೆ ದಾಟಿ, ಮೋರಿ ದಾಟಿ ಬನ್ನಿ.
ಕಾಲೋನಿ ಎಂಬ ಬೋರ್ಡು ಬರುತ್ತದೆ.
ಅಲ್ಲಿ ತಿರುಗಬೇಡಿ.
ನೀಲಿ ಬಾಗಿಲು ನಮ್ಮದು.

ಸ್ಟ್ರೇಟ್ ಎಂಬಲ್ಲಿ ಎರಡು ಅಕ್ಷರ ಬಿಟ್ಟಿದ್ದಳು.
ಕೆಂಪು ಪೆನ್ನಿನಲ್ಲಿ ಸೇರಿಸಿದೆ.
ಹಾಳೆ ನನ್ನ ಬ್ಯಾಗಿನಲ್ಲಿದೆ, ಮಡಿಕೆ ಸವೆಯುತ್ತ.
ನಾಲ್ಕು ಭಾನುವಾರ ಕಳೆದವು.
ಮುನಿರತ್ನ ಕ್ಲಾಸಿಗೆ ಬರುತ್ತಾಳೆ, ಏನೂ ಕೇಳುವುದಿಲ್ಲ.
ನಾವೀಗ ಹದಿಮೂರನೇ ಪಾಠದಲ್ಲಿದ್ದೇವೆ:
ಹವಾಮಾನದ ಬಗ್ಗೆ ಮಾತನಾಡುವುದು.